ಕೆರೆಯ ಕಳೆಯೂ ಕೆರೆಯ ನಿಧಿಯೂ

ನೀರಿನಲ್ಲಿ ಹುಟ್ಟುವ ಗಿಡಗಳನ್ನು ನಮ್ಮ ಪೂರ್ವಿಕರು ಕಾಣದೆ ಇದ್ದವರಲ್ಲ. ಅಮರಸಿಂಹನು ತನ್ನ ಕೋಶದ ವಾರಿವರ್ಗದಲ್ಲಿ ಪಾಚಿಗೆ ಶೈವಾಲವೆಂದೂ ಜಲನೀಲಿಯೆಂದೂ, ಅಂತರಗಂಗೆಗೆ ಕುಂಭಿಕೆಯೆಂದೂ ವಾರಿಪರ್ಣಿಯೆಂದೂ ಹೆಸರುಗಳನ್ನು ಹೇಳಿದ್ದಾನೆ. ಆದರೆ ಇಂದು ನಮ್ಮ ನಾಡಿನ ಅನೇಕ ಕೆರೆಗಳನ್ನು ದಡದಿಂದ ದಡಕ್ಕೆ ಮುಚ್ಚಿ, ನಸುನೇರಿಳೆ ಬಣ್ಣದ ಹೂಗೊಂಚಲುಗಳನ್ನು ತಳೆದು ನಿಂತಿರುವ ಗಿಡವು ಆ ಕೋಶದಲ್ಲಿಲ್ಲ. ಜನರು ಇದನ್ನೂ ಅಂತರಗಂಗೆಯೆಂದೇ ಕರೆಯುವರಾದರೂ ಇದು ಹೊರಗಿನಿಂದ ಬಂದುದು. ಇದರ ತೌರುಮನೆ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಪ್ರದೇಶ. ಇಂಗ್ಲಿಷರು ಇಟ್ಟ ಹೆಸರು ವಾಟರ್ ಹಯಸಿಂತ್. ಇದನ್ನು ಕೀಳುವುದು ಹೇಗೆಂಬ ವಿಚಾರವಾಗಿ ಬೇಕಾದಷ್ಟು ಮಾತು ನಡೆದಿದೆ. ಯಾರ ಹಣದಿಂದ ಕೀಳಬೇಕು, ಎಷ್ಟು ವರ್ಷ ಕೀಳಬೇಕು ಎಂಬುದನ್ನು ಮಾತ್ರ ವಿಚಾರಿಸಿದವರು ಕಡಮೆ. ಚರಿತ್ರೆಯನ್ನು ನೋಡಿದರೆ, ಈ ಕಳೆಯ ಮುಂದೆ ಸೋತವರೆಲ್ಲರೂ ಬಹುಮಟ್ಟಿಗೆ ಎರಡನೆಯ ಪ್ರಶ್ನೆಯಲ್ಲಿಯೇ ಸೋತಿರುವರೆಂದು ತೋರುತ್ತದೆ.

ಮೊದಲು ಕಳೆಯ ಸ್ವಭಾವವನ್ನು ತಿಳಿಯೋಣ. ಅನುಕೂಲವಾದ ನೀರೂ ಬಿಸಿಲೂ ದೊರೆತರೆ ಇದು ಸುಮಾರು ಎರಡು ವಾರಗಳಲ್ಲಿ ಇಮ್ಮಡಿಯಾಗುತ್ತದೆ. ಲೆಕ್ಕ ಹಾಕಿ ನೋಡಿರಿ: ಕೆರೆಯನ್ನೆಲ್ಲ ತೆಗೆಯಿಸಿ ಮೂಲೆಯಲ್ಲಿ ಒಂದು ಗುಂಟೆಯಷ್ಟನ್ನು ಮಾತ್ರ ಉಳಿಸಿದೆವೆನ್ನೋಣ. ಎರಡು ವಾರಕ್ಕೆ ಎರಡು ಗುಂಟೆ, ನಾಲ್ಕು ವಾರಕ್ಕೆ ನಾಲ್ಕು, ಆರು ವಾರಕ್ಕೆ ಎಂಟು. ಹೀಗೆ ಹನ್ನೆರಡು ವಾರ ಕಳೆಯುವಷ್ಟರಲ್ಲಿ ಅರುವತ್ತನಾಲ್ಕು ಗುಂಟೆ, ಎಂದರೆ ಒಂದೂವರೆ ಎಕರೆಗೂ ಮಿಕ್ಕಿ ಹಬ್ಬಿರುತ್ತದೆ. ಇನ್ನು ಇದರ ಬೀಜವು ಕೆಸರಿನಲ್ಲಿ ಮುಳುಗಿ 20 ವರ್ಷಗಳವರೆಗೂ ಸಾಯದೆ ಇರಬಲ್ಲುದು. ಗಿಡದ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬರಿಯ ನೀರು; ಹಸಿಯಾಗಿಯೇ ಗಾಡಿಗೆ ತುಂಬಿ ದೂರ ಸಾಗಿಸುವವನು ನೀರಿಗೆ ಬಾಡಿಗೆ ಕೊಟ್ಟಂತೆ. ಈ ಮೂರು ಸಂಗತಿಗಳಿಂದ ಮೂರು ನಿಯಮಗಳು ತಾವಾಗಿಯೇ ಹೊರಡುತ್ತವೆ. ಶೇಷವನ್ನು ಉಳಿಸಬಾರದು, ಕಿತ್ತುದನ್ನು ನೀರು ಮುಟ್ಟದ ಎತ್ತರದಲ್ಲಿ ಒಣಗಿಸಿದ ಮೇಲೆಯೇ ಸಾಗಿಸಬೇಕು, ಮತ್ತು ಬೀಜದ ಆಯುಷ್ಯಕ್ಕಿಂತ ಕೆರೆಗೆಂದು ತೆಗೆದಿಟ್ಟ ನಿಧಿಯ ಆಯುಷ್ಯ ಕಡಮೆಯಾಗಿರಬಾರದು.

ಈ ಮೂರನೆಯ ನಿಯಮವನ್ನು ಕಲಿಯಲು ಅಮೆರಿಕದ ಫ್ಲಾರಿಡಾ ಪ್ರಾಂತಕ್ಕೆ ಬಹುಕಾಲ ಹಿಡಿಯಿತು. ಹೂವಿನ ಚೆಲುವಿಗೆ ಮರುಳಾಗಿ ಮನೆಯ ಕೊಳಗಳಲ್ಲಿ ಬೆಳೆಸಿದ ಈ ಗಿಡವು 1890ರ ಸುಮಾರಿಗೆ ಅಲ್ಲಿಯ ಸೇಂಟ್ ಜಾನ್ಸ್ ನದಿಯನ್ನು ಸೇರಿ, ಕೆಲವೇ ವರ್ಷಗಳಲ್ಲಿ ಹಡಗುಗಳ ದಾರಿಯನ್ನು ಕಟ್ಟಿತು. 1899ರಲ್ಲಿ ಅಮೆರಿಕದ ಶಾಸನಸಭೆಯು ಇದನ್ನು ತೆಗೆಯುವ ಕಾರ್ಯವನ್ನು ಸೈನ್ಯದ ಇಂಜಿನಿಯರುಗಳಿಗೆ ಒಪ್ಪಿಸಿತು. ಅವರು 1902ರಿಂದ ಪಾಷಾಣದ ದ್ರಾವಣವನ್ನು ಸಿಂಪಡಿಸಿದರು. ಗಿಡ ಸತ್ತುದು ನಿಜ. ಅದನ್ನು ಮೇಯ್ದ ದನಗಳೂ ಸತ್ತುವು. 1905ರಲ್ಲಿ ಆ ಕ್ರಮವನ್ನು ಅಲ್ಲಿ ನಿಲ್ಲಿಸಬೇಕಾಯಿತು. ಆಮೇಲೆ ಅರ್ಧ ಶತಮಾನ, ಹಬ್ಬಿದಾಗ ಹಣ ಚೆಲ್ಲುವುದು, ಇಳಿದಾಗ ಮರೆಯುವುದು ಎಂಬ ರೀತಿಯೇ ನಡೆಯಿತು. 1960ರ ಸುಮಾರಿಗೆ ಆ ಪ್ರಾಂತದಲ್ಲಿ ಕಳೆಯ ವಿಸ್ತಾರವು ಒಂದು ಲಕ್ಷ ಎಕರೆಯನ್ನು ಮೀರಿತ್ತು. ಮುಂದೆ ಅವರು ನೀತಿಯನ್ನೇ ಬದಲಿಸಿದರು. ಹಬ್ಬುವವರೆಗೆ ಕಾಯದೆ, ವರ್ಷವರ್ಷವೂ ತಪ್ಪದೆ ಸ್ವಲ್ಪ ಸ್ವಲ್ಪವನ್ನೇ ತೆಗೆದು, ಕಳೆಯನ್ನು ಸದಾ ಕನಿಷ್ಠದಲ್ಲಿ ಇಡುವುದೆಂದು ನಿಶ್ಚಯಿಸಿ, ಅದಕ್ಕೆ ದೋಣಿಗಳ ದಾಖಲೆಯ ಶುಲ್ಕದಿಂದಲೂ ಇಂಧನದ ತೆರಿಗೆಯಿಂದಲೂ ಒಂದು ಭಾಗವನ್ನು ಪ್ರತ್ಯೇಕ ನಿಧಿಯಾಗಿ ಕಟ್ಟಿದರು. ನೀರನ್ನು ಬಳಸುವವನೇ ನೀರಿನ ರಕ್ಷಣೆಗೆ ಪ್ರತಿವರ್ಷ ಕೊಡಬೇಕೆಂಬುದೇ ಇದರ ತತ್ವ. ಲಕ್ಷ ಎಕರೆಯ ಕಳೆಯು ಕೆಲವು ಸಾವಿರ ಎಕರೆಗಳಿಗೆ ಇಳಿದುದು ಈ ಕ್ರಮದ ಫಲ.

ನಮ್ಮ ದೇಶದೊಳಗೆ ಇದರ ಪೆಟ್ಟನ್ನು ಎಲ್ಲರಿಗಿಂತ ಹೆಚ್ಚಾಗಿ ತಿಂದುದು ವಂಗದೇಶ. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಪೂರ್ವವಂಗದ ಹೊಳೆ ಕಾಲುವೆಗಳು, ಬತ್ತದ ಮತ್ತು ಸೆಣಬಿನ ಗದ್ದೆಗಳು ಇದರಿಂದ ತುಂಬಿದುವು. ಶತ್ರುವಿನ ಹೆಸರನ್ನೇ ಇಟ್ಟು ಜನರು ಇದನ್ನು ಜರ್ಮನ್ ಪಾನಾ ಎಂದು ಕರೆದರು. 1921ರಲ್ಲಿ ಸರ್ಕಾರವು ಆಚಾರ್ಯ ಜಗದೀಶಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ಒಂದು ಕಮಿಟಿಯನ್ನು ನೇಮಿಸಿತು. ಸಸ್ಯಗಳ ಜೀವವ್ಯಾಪಾರವನ್ನು ಅವರಷ್ಟು ಬಲ್ಲವರು ಆಗ ಈ ದೇಶದಲ್ಲಿ ವಿರಳ. ಆದರೂ ಜ್ಞಾನವೊಂದರಿಂದಲೇ ಕಾರ್ಯ ಮುಗಿಯಲಿಲ್ಲ. 1936ರಲ್ಲಿ ಒಂದು ಕಾನೂನು ಹೊರಟು, ತನ್ನ ಸ್ವಾಧೀನದ ನೆಲದಲ್ಲಿಯೂ ನೀರಿನಲ್ಲಿಯೂ ಇರುವ ಕಳೆಯನ್ನು ನಾಶಮಾಡುವುದು ಆಯಾ ಸ್ವಾಧೀನದಾರನ ಕರ್ತವ್ಯವೆಂದು ವಿಧಿಸಿತು. 1937ರ ಚುನಾವಣೆಯಲ್ಲಿ ಈ ಕಳೆಯ ನಿರ್ಮೂಲನವೇ ರಾಜಕೀಯ ಪಕ್ಷಗಳ ವಾಗ್ದಾನಗಳಲ್ಲಿ ಒಂದಾಯಿತು. 1939ರಲ್ಲಿ ಫಜಲುಲ್ ಹಕ್ಕರ ಸರ್ಕಾರವು ಒಂದು ವಾರವನ್ನೇ ಇದಕ್ಕಾಗಿ ಗೊತ್ತುಮಾಡಿ, ಹಳ್ಳಿಹಳ್ಳಿಯ ಜನರನ್ನು ನೀರಿಗಿಳಿಸಿತು.

ಇಷ್ಟಾದರೂ ಕಳೆ ಅಳಿಯಲಿಲ್ಲ, ಇಂದಿಗೂ ಅಲ್ಲಿದೆ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕಾನೂನು ಕರ್ತವ್ಯವನ್ನು ಮನೆಮನೆಗೆ ಹಂಚಿತು. ಹೊಳೆಯ ನೀರಾದರೋ ಮನೆಮನೆಗೆ ಹಂಚಿಹೋಗುವುದಲ್ಲ. ಬಡ ರೈತನು ತನ್ನ ಗದ್ದೆಯದನ್ನು ಕಿತ್ತು ಹಾಕಿದರೆ, ಮೇಲಿನವನು ಕೀಳದೆ ಬಿಟ್ಟುದು ತೇಲಿ ಬಂದು ಅದೇ ಗದ್ದೆಯನ್ನು ಸೇರುವುದು. ಉತ್ಸಾಹದ ಒಂದು ವಾರ ಮುಗಿದ ಮೇಲೆ ಐವತ್ತೊಂದು ವಾರಗಳು ಉಳಿಯುತ್ತವೆ; ಆ ಐವತ್ತೊಂದು ವಾರಗಳಿಗೆ ಕೂಲಿ ಕೊಡುವವರು ಯಾರು? ಎಲ್ಲರ ಕರ್ತವ್ಯವೆಂದು ಹೇಳಿ ಯಾರ ಸಂಬಳವನ್ನೂ ಗೊತ್ತುಮಾಡದ ಕೆಲಸವು ಯಾರ ಕೆಲಸವೂ ಅಲ್ಲದಂತಾಗುವುದು ಲೋಕರೂಢಿ.

ಇದಕ್ಕೆ ಪ್ರತಿಯಾಗಿ, ಕೇರಳದ ಚೇರ್ತಲ ಪ್ರದೇಶದಲ್ಲಿ 1980ರ ದಶಕದಲ್ಲಿ ನಡೆದ ಕಾರ್ಯವು ಮನನಾರ್ಹವಾದುದು. ಅಲ್ಲಿಯ ಮನೆಗಳ ಹಿಂದಿನ ಕೊಳಗಳಲ್ಲಿ ಇದ್ದುದು ನಮ್ಮ ಕೋಶದ ಕುಂಭಿಕೆ, ಎಂದರೆ ನಿಜವಾದ ಅಂತರಗಂಗೆ. ಅದರ ಬೇರುಗಳನ್ನು ಆಶ್ರಯಿಸಿ ಬೆಳೆಯುವ ಒಂದು ಜಾತಿಯ ಸೊಳ್ಳೆಯು ಆನೆಕಾಲು ರೋಗವನ್ನು ಹರಡುತ್ತಿತ್ತು. ಆದರೆ ಜನರು ಆ ಗಿಡವನ್ನು ತೆಂಗಿನ ಮರಗಳಿಗೆ ಗೊಬ್ಬರವಾಗಿ ಬಳಸುತ್ತಿದ್ದುದರಿಂದ, ರೋಗದ ಹೆಸರು ಹೇಳಿದ ಮಾತ್ರಕ್ಕೆ ಅದನ್ನು ಬಿಡಲು ಒಪ್ಪುವಂತಿರಲಿಲ್ಲ. ಪಾಂಡಿಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದವರು, ಗಿಡವನ್ನು ತೆಗೆದ ಕೊಳಗಳಲ್ಲಿ ಮೀನು ಸಾಕುವ ದಾರಿಯನ್ನು ತೋರಿಸಿದರು. ಮೀನಿನ ಆದಾಯವು ಕೈಗೆ ಬರತೊಡಗಿದ ಮೇಲೆ ಕೊಳವನ್ನು ಶುದ್ಧವಾಗಿಡಲು ಯಾರೂ ಹೇಳಬೇಕಾಗಲಿಲ್ಲ. ಶಾಲೆಯ ಮಕ್ಕಳೂ ಸಂಘಗಳನ್ನು ಕಟ್ಟಿಕೊಂಡು ಈ ಕಾರ್ಯದಲ್ಲಿ ನೆರವಾದರು. ಶುದ್ಧವಾದ ನೀರೇ ತನ್ನ ಶುದ್ಧಿಯ ವೆಚ್ಚವನ್ನು ದುಡಿದುಕೊಟ್ಟಿತೆಂದು ಹೇಳಬಹುದು.

ಇದು ನಮಗೆ ಹೊಸ ಪಾಠವೇ? ಅಲ್ಲವೆಂದು ನಮ್ಮ ಶಾಸನಗಳು ಸಾರುತ್ತವೆ. ಕನ್ನಡ ನಾಡಿನಲ್ಲಿ ಕೆರೆಯನ್ನು ಕಟ್ಟಿಸಿದವರು ಕಟ್ಟಿಸಿ ಸುಮ್ಮನಾಗುತ್ತಿರಲಿಲ್ಲ. ಬಿತ್ತುವಟ್ಟ, ದಶವಂದ, ಕೆರೆಗೊಡಗೆ ಮೊದಲಾದ ಹೆಸರುಗಳಿಂದ ಕೆರೆಯ ನಿರ್ಮಾಣಕ್ಕೂ ಜೀರ್ಣೋದ್ಧಾರಕ್ಕೂ ನೆಲವನ್ನೋ ಬೆಳೆಯ ಪಾಲನ್ನೋ ಬಿಡುತ್ತಿದ್ದರು. ಹೂಳೆತ್ತುವ ಬಂಡಿಗಳನ್ನೂ ಅವನ್ನೆಳೆಯುವ ಕೋಣಗಳನ್ನೂ ಹೊಡೆಯುವ ಆಳನ್ನೂ ಸಾಕುವುದಕ್ಕಾಗಿ ಭೂಮಿ ಬಿಟ್ಟ ಶಾಸನಗಳುಂಟು. ತೂಬನ್ನು ನೋಡಿಕೊಳ್ಳುವ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಪಾಲು ಸಲ್ಲುತ್ತಿತ್ತು. ಬೊಕ್ಕಸದಿಂದ ಮಂಜೂರಿ ಬರುವವರೆಗೆ ಕಾಯುವ ಪ್ರಸಂಗವೇ ಅಲ್ಲಿರಲಿಲ್ಲ. ಕೆರೆಯ ಕೆಳಗಿನ ಬೆಳೆಯೇ ಕೆರೆಗೆ ಊಟವಿಕ್ಕುತ್ತಿತ್ತು.

ವಿಜಯನಗರದ ಮೊದಲನೆಯ ಬುಕ್ಕರಾಯನ ಮಗನಾದ ಭಾಸ್ಕರನು ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಅನಂತರಾಜಸಾಗರದ 1369ರ ಸಂಸ್ಕೃತ ಶಾಸನವು ಈ ವಿಷಯದಲ್ಲಿ ಒಂದು ಚಿಕ್ಕ ಶಾಸ್ತ್ರಗ್ರಂಥವೆನ್ನುವಂತಿದೆ. ಸಾವಿರ ಆಳುಗಳು, ನೂರು ಗಾಡಿಗಳು, ಎರಡು ವರ್ಷಗಳ ಕಾಲ ದುಡಿದರೆಂದು ಅದು ಹೇಳುತ್ತದೆ. ಒಳ್ಳೆಯ ಕೆರೆಗೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಸಾಧನಗಳಲ್ಲಿ ಮೊದಲನೆಯದು ಬಂಡೆಯೂ ಅಲ್ಲ, ನದಿಯೂ ಅಲ್ಲ. ಧರ್ಮಿಷ್ಠನೂ ಧನವಂತನೂ ಆದ ರಾಜ. ಎರಡನೆಯದು ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ. ಧರ್ಮಬುದ್ಧಿಯೂ ಧನವೂ ಕೂಡಿ ಮೊದಲು ನಿಲ್ಲಬೇಕು, ವಿದ್ಯೆ ಅದರ ಹಿಂದೆ ಬರಬೇಕು ಎಂಬ ಈ ಕ್ರಮವು ಅರ್ಥವತ್ತಾದುದು. ದೋಷಗಳ ಪಟ್ಟಿಯಲ್ಲಿ ನೀರಿನ ಕಳೆ ಇಲ್ಲ. ಇಂದು ಬರೆಯುವುದಾಗಿದ್ದರೆ ಏಳನೆಯ ದೋಷವಾಗಿ ಅದನ್ನು ಸೇರಿಸಬೇಕಾಗುತ್ತಿತ್ತು.

ಈ ಏರ್ಪಾಡು ಕಾಲಕ್ರಮದಲ್ಲಿ ಸಡಲಿತು. ಮಾನ್ಯಗಳು ಹೋದುವು; ಕೆರೆಗಳ ಪೋಷಣೆ ಇಲಾಖೆಗಳ ಪಾಲಾಯಿತು. ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಕೆರೆ ಪಂಚಾಯತಿಗಳ ಕಾನೂನನ್ನು ಮಾಡಿ, ಹಳ್ಳಿಯವರ ಹೊಣೆಯನ್ನು ಮತ್ತೆ ಎಬ್ಬಿಸಲು ಯತ್ನಿಸಿದರು. ಈ ಶತಮಾನದ ಆದಿಯಲ್ಲಿಯೂ ಕರ್ನಾಟಕದಲ್ಲಿ ಕೆರೆ ಬಳಕೆದಾರರ ಸಂಘಗಳು ಇದೇ ಉದ್ದೇಶದಿಂದ ಹುಟ್ಟಿದುವು. ಹಿಂದಿನವರ ಹೊಣೆಯನ್ನು ನಾವು ಹೀಗೆ ನೆನೆಸಿಕೊಂಡೆವು; ಆ ಹೊಣೆಯ ಬೆನ್ನಿಗಿದ್ದ ಮಾನ್ಯವನ್ನು ಅಷ್ಟಾಗಿ ನೆನೆಸಿಕೊಳ್ಳಲಿಲ್ಲ.

ಖರ್ಚಿಲ್ಲದ ಉಪಾಯವಿಲ್ಲವೇ ಎಂದು ವಾಚಕರು ಕೇಳಬಹುದು. ಅಂಥದೊಂದು ಉಂಟು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1980ರ ದಶಕದ ಮೊದಲಲ್ಲಿ, ಈ ಗಿಡವನ್ನು ಮಾತ್ರ ತಿನ್ನುವ ದಕ್ಷಿಣ ಅಮೆರಿಕದ ಮೂತಿಹುಳುಗಳನ್ನು ತರಿಸಿ, ಪರೀಕ್ಷಿಸಿ, ಬೆಂಗಳೂರಿನ ಸುತ್ತಣ ಕೆರೆಗಳಲ್ಲಿ ಬಿಟ್ಟರು. ಕೆಲವೆಡೆಗಳಲ್ಲಿ ಮೂರು ನಾಲ್ಕು ವರ್ಷಗಳಲ್ಲಿ ಒಳ್ಳೆಯ ಫಲವೇ ಕಂಡಿತು. ಕೇರಳದವರು ಆಫ್ರಿಕನ್ ಪಾಯಲ್ ಎನ್ನುವ ಸಾಲ್ವಿನಿಯಾ ಎಂಬ ಬೇರೊಂದು ಕಳೆಯು ಇಂಥದೇ ಮತ್ತೊಂದು ಹುಳುವಿನಿಂದ ಅಲ್ಲಿಯ ಕಾಲುವೆಗಳಲ್ಲಿ ಬಹುವಾಗಿ ಅಡಗಿತು. ಆದರೆ ಹುಳು ಎಲ್ಲಿಯವರೆಗೆ ತಿಂದೀತು? ಊರಿನ ಚರಂಡಿಯ ಕೊಳಚೆಯು ದಿನದಿನವೂ ಕೆರೆಗೆ ಬಿದ್ದು ಗೊಬ್ಬರವಾಗುತ್ತಿದ್ದರೆ, ಹುಳು ತಿಂದುದಕ್ಕಿಂತ ಹೆಚ್ಚಾಗಿ ಗಿಡವು ಚಿಗುರುತ್ತದೆ. ಕೊಳಚೆಯಿಂದಲೂ ಕಳೆಯಿಂದಲೂ ತುಂಬಿದ ಬೆಳ್ಳಂದೂರು ಕೆರೆಯಲ್ಲಿ 2017ರ ಫೆಬ್ರವರಿಯಲ್ಲಿ ಬೆಂಕಿಯೇ ಎದ್ದಿತು. ಅದೇ ನಗರದ ಜಕ್ಕೂರು ಕೆರೆಯಲ್ಲಿ ಕೊಳಚೆಯನ್ನು ಘಟಕದಲ್ಲಿ ಶುದ್ಧಿಮಾಡಿ, ಜೊಂಡು ಬೆಳೆಸಿದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಕ್ರಮವನ್ನು ಏರ್ಪಡಿಸಿದುದು ಇದಕ್ಕಿಂತ ಎಷ್ಟೋ ಮೇಲಾದ ದಾರಿ. ವಿಷದ ಔಷಧಗಳನ್ನಂತೂ ಕುಡಿಯುವ ನೀರಿನ ಬಳಿ ಆಲೋಚಿಸಲೂಬಾರದು. ಸತ್ತ ಗಿಡವು ಮುಳುಗಿ ಕೊಳೆತು, ನೀರಿನ ಪ್ರಾಣವಾಯುವನ್ನು ಹೀರಿ ಮೀನುಗಳನ್ನೂ ಕೊಲ್ಲುತ್ತದೆ.

ಹಾಗಾದರೆ ಒಂದು ಸಾಧಾರಣ ಊರಿನವರು ಮಾಡತಕ್ಕುದೇನು? ಮೊದಲನೆಯ ವರ್ಷದ ದೊಡ್ಡ ವೆಚ್ಚವನ್ನು ಸರ್ಕಾರದಿಂದಲೋ ದಾನಿಗಳಿಂದಲೋ ಕೇಳಿ ಪಡೆಯುವುದು ತಪ್ಪಲ್ಲ. ಆದರೆ ಅದನ್ನು ಕೇಳುವ ಮೊದಲೇ ಎರಡನೆಯ ವರ್ಷದಿಂದ ಇಪ್ಪತ್ತನೆಯ ವರ್ಷದವರೆಗಿನ ಚಿಕ್ಕ ವೆಚ್ಚಕ್ಕೆ ದಾರಿ ಮಾಡಿಕೊಂಡಿರಬೇಕು. ಮೀನು ಹಿಡಿಯುವ ಗುತ್ತಿಗೆಯ ಹಣದಲ್ಲಿ ಇಂತಿಷ್ಟು ಪಾಲು ಕೆರೆಗೇ ಸಲ್ಲಬೇಕೆಂದು ಗೊತ್ತುಮಾಡಬಹುದು. ನೀರುಣ್ಣುವ ಜಮೀನಿನವರು ಸುಗ್ಗಿಯಲ್ಲಿ ಎಕರೆಗಿಷ್ಟೆಂದು ಕೊಡಬಹುದು. ಹಣವಿಲ್ಲದವರು ಒಂದು ದಿನದ ಆಳಿನ ಕೆಲಸವನ್ನೇ ಕೊಡಬಹುದು. ಒಣಗಿದ ಕಳೆಯ ಗೊಬ್ಬರವು ಲಾಭಕ್ಕೆ ಬಂದರೆ ಸಂತೋಷ. ಅದೊಂದನ್ನೇ ನಂಬುವುದು ಮಾತ್ರ ವಿವೇಕವಲ್ಲ. ಈ ನಿಧಿಯಿಂದ ಒಬ್ಬನಿಗೆ ಸಂಬಳ ಕೊಟ್ಟು, ನೀರು ಒಳಬರುವ ಬಾಯಿಗಳಲ್ಲಿ ಬಲೆಯನ್ನೋ ಬಿದಿರಿನ ತಡೆಯನ್ನೋ ಕಟ್ಟಿಸಿ, ವಾರಕ್ಕೊಮ್ಮೆ ಅಂಚನ್ನು ಸುತ್ತಿ ಕಂಡ ಗಿಡವನ್ನು ಕಂಡಲ್ಲಿಯೇ ಕೀಳಿಸಬೇಕು. ಯುಗಾದಿಯ ಪಂಚಾಂಗಶ್ರವಣಕ್ಕೆ ಜನ ಸೇರಿದಾಗ, ಬಂದ ಹಣ ಇಷ್ಟು, ವೆಚ್ಚವಾದುದು ಇಷ್ಟು ಎಂದು ಕೆರೆಯ ಲೆಕ್ಕವನ್ನೂ ಗಟ್ಟಿಯಾಗಿ ಓದಬೇಕು. ಲೆಕ್ಕವು ಬಹಿರಂಗವಾದ ಕಡೆ ಕೊಡುವ ಕೈ ಹಿಂಜರಿಯುವುದಿಲ್ಲ.

ಹೂಳೆತ್ತುವ ಕೋಣಗಳ ಮೇವಿಗೂ ಕಲ್ಲಿನ ಮೇಲೆ ಬರೆಯಿಸಿ ವ್ಯವಸ್ಥೆ ಮಾಡಿದವರು ನಮ್ಮ ಹಿರಿಯರು. ಅವರ ಬಂಡಿಗಳು ಇಂದು ನಮಗೆ ಬೇಡವಾಗಿರಬಹುದು. ಮೇವನ್ನು ಮೊದಲು ಗೊತ್ತುಮಾಡಿ ಬಂಡಿಯನ್ನು ಹೂಡುವ ಅವರ ಪದ್ಧತಿಯು ನಮಗೆ ಬೇಕಾಗಿದೆ. ಬೀಜವು ಕೆಸರಿನಲ್ಲಿ ಇಪ್ಪತ್ತು ವರ್ಷ ತಾಳ್ಮೆಯಿಂದ ಕಾಯಬಲ್ಲುದು. ಊರು ಅದಕ್ಕಿಂತ ಒಂದು ವರ್ಷ ಹೆಚ್ಚು ಕಾದರೆ ಕೆರೆ ಊರಿನದಾಗಿ ಉಳಿಯುತ್ತದೆ.