ರಣಾಂಗಣದ ಕಮಿಷನ್

ಯುದ್ಧ ನಡೆಯುತ್ತಿರುವಾಗಲೇ, ಮುಂದಾಳುತನ ತೋರಿದ ಸೈನಿಕನನ್ನೋ ಸಾರ್ಜೆಂಟನನ್ನೋ ಅಧಿಕಾರಿಗಳ ತರಬೇತಿ ಶಾಲೆಗೆ ಕಳಿಸದೆ ನೇರವಾಗಿ ಅಧಿಕಾರಿಯನ್ನಾಗಿ ನೇಮಿಸುವ ಕ್ರಮಕ್ಕೆ ರಣಾಂಗಣದ ಕಮಿಷನ್ ಎನ್ನುತ್ತಾರೆ. ಶೌರ್ಯಪದಕ ಆಗಿಹೋದ ಸಾಹಸಕ್ಕೆ ಸಲ್ಲುತ್ತದೆ. ಕಮಿಷನ್ ಪಡೆದವನು ಮರುದಿನದಿಂದಲೇ ತುಕಡಿಯ ಹೊಣೆ ಹೊರಬೇಕು. ಆದ್ದರಿಂದ ಆಯ್ಕೆಯಲ್ಲಿ ಎದೆಗಾರಿಕೆಯಷ್ಟೇ, ಅಧಿಕಾರಿ ಬಿದ್ದಾಗ ಚೆದುರುವ ಪಡೆಯನ್ನು ಹಿಡಿದು ನಿಲ್ಲಿಸುವ ಶಕ್ತಿಯೂ ಗಣನೆಗೆ ಬರುತ್ತದೆ.

ಬ್ರಿಟಿಷ್ ಕಾಲಾಳು ಮತ್ತು ಅಶ್ವದಳಗಳಲ್ಲಿ 1871ರವರೆಗೆ ಅಧಿಕಾರಿ ಹುದ್ದೆಯನ್ನು ಹಣ ಕೊಟ್ಟು ಕೊಳ್ಳಬಹುದಿತ್ತು. ಅಂಥ ಸೈನ್ಯದಲ್ಲಿ ಸಾಮಾನ್ಯ ಸೈನಿಕ ಮೇಲೇರುವುದು ಅಪರೂಪ. ಜಾನ್ ಶಿಪ್ ಎಂಬಾತ 1805ರ ಭರತಪುರ ಮುತ್ತಿಗೆಯಲ್ಲಿ ಕೋಟೆಗೆ ನುಗ್ಗುವ ತಂಡಗಳ ಮುಂದಾಳಾಗಿ ಅಧಿಕಾರಿಯಾದ. ಸಾಲಕ್ಕೆ ಸಿಕ್ಕಿ ಹುದ್ದೆಯನ್ನು ಮಾರಿಕೊಂಡು, ಪುನಃ ಸಾಮಾನ್ಯ ಸೈನಿಕನಾಗಿ ಸೇರಿ, ಎರಡನೆಯ ಬಾರಿಯೂ ಅಧಿಕಾರಿಯಾದದ್ದು ಅವನ ವಿಚಿತ್ರ ಅದೃಷ್ಟ. ಫ್ರಾನ್ಸಿನಲ್ಲಿ 1789ರ ಕ್ರಾಂತಿಯ ತರುವಾಯ ಕುಲೀನ ಅಧಿಕಾರಿಗಳು ದೇಶಬಿಟ್ಟು ಓಡಿದಾಗ ಕೆಳಗಿನವರಿಗೆ ದಾರಿ ತೆರೆಯಿತು. ಸಾಮಾನ್ಯ ಸೈನಿಕರಾಗಿ ಸೇರಿದ್ದ ಮಿಷೆಲ್ ನೇ ಮತ್ತು ಬರ್ನಡಾಟ್ 1804ರಲ್ಲಿ ಮಾರ್ಷಲ್‌ಗಳಾದರು. ಬರ್ನಡಾಟ್ ಕೊನೆಗೆ ಸ್ವೀಡನ್ನಿನ ದೊರೆಯೇ ಆದ.

ಎರಡನೆಯ ಮಹಾಯುದ್ಧದಲ್ಲಿ ಈ ಕ್ರಮಕ್ಕೆ ಒತ್ತಾಯ ತಂದದ್ದು ಆದರ್ಶವಲ್ಲ, ಸಾವು. ಪ್ಲಟೂನಿನ ಮುಂದೆ ನಡೆಯುವ ಲೆಫ್ಟಿನೆಂಟರು ಬೇಗ ಬೀಳುತ್ತಿದ್ದರು. ಶಾಲೆಯಿಂದ ಬಂದ ಹೊಸಬನಿಗಿಂತ ನೆಲವನ್ನೂ ಜನರನ್ನೂ ಬಲ್ಲ ಸಾರ್ಜೆಂಟನೇ ಮೇಲೆನಿಸುತ್ತಿದ್ದ. ಅಮೆರಿಕದ ಆಡಿ ಮರ್ಫಿಗೆ 1944ರ ಅಕ್ಟೋಬರಿನಲ್ಲಿ ಫ್ರಾನ್ಸಿನ ರಣರಂಗದಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಪದವಿ ದೊರೆಯಿತು. 1945ರ ಜನವರಿ 26ರಂದು ಹೋಲ್ಟ್ಸ್‌ವಿರ್ ಬಳಿ ಅವನು ಕಂಪನಿಯನ್ನು ಹಿಂದಕ್ಕೆ ಕಳಿಸಿ, ಉರಿಯುತ್ತಿದ್ದ ಟ್ಯಾಂಕ್‌ನಾಶಕ ವಾಹನವೇರಿ, ಫೋನಿನಲ್ಲಿ ಫಿರಂಗಿದಳಕ್ಕೆ ಗುರಿ ಹೇಳುತ್ತ ಮಷಿನ್‌ಗನ್ನಿನಿಂದ ಜರ್ಮನರನ್ನು ತಡೆದ. ಈ ಕಾರ್ಯಕ್ಕೆ ಮೆಡಲ್ ಆಫ್ ಆನರ್ ಬಂತು. 101ನೆಯ ವಾಯುವಾಹಿತ ಡಿವಿಷನ್ನಿನ ಕಾರ್ವುಡ್ ಲಿಪ್ಟನ್ 1945ರಲ್ಲಿ ಇದೇ ರೀತಿ ಅಧಿಕಾರಿಯಾದ.

ತೊಡಕು ಇದ್ದದ್ದು ನಿನ್ನೆಯವರೆಗೆ ಒಂದೇ ತಟ್ಟೆಯಲ್ಲಿ ಉಂಡವರಿಗೆ ಇಂದು ಆಜ್ಞೆ ಕೊಡಬೇಕಾದಲ್ಲಿ. ಇದನ್ನು ತಪ್ಪಿಸಲು ಹೊಸ ಅಧಿಕಾರಿಯನ್ನು ಬೇರೆ ತುಕಡಿಗೆ ಕಳಿಸುವುದೂ ಇತ್ತು. ಆದರೆ ಹಾಗೆ ಮಾಡಿದರೆ ಅವನನ್ನು ಆರಿಸಿದ ಕಾರಣವೇ ಅರ್ಧ ಕಳೆದುಹೋಗುತ್ತದೆ.

ಭಾರತೀಯ ಸೇನೆ ಬೇರೆ ದಾರಿ ಹಿಡಿದಿದೆ. ಜವಾನರಿಗೂ ಅಧಿಕಾರಿಗಳಿಗೂ ನಡುವೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎಂಬ ಜೂನಿಯರ್ ಕಮಿಷನ್ಡ್ ಅಧಿಕಾರಿಗಳ ಶ್ರೇಣಿಯಿದೆ. ಪೂರ್ಣ ಕಮಿಷನ್ ಬಯಸುವ ಜವಾನರು ಆಯ್ಕೆಯಾಗಿ ಡೆಹರಾಡೂನಿನ ಆರ್ಮಿ ಕೆಡೆಟ್ ಕಾಲೇಜಿನಲ್ಲಿ ಓದುತ್ತಾರೆ. ಅಸಾಧಾರಣ ಸೇವೆಗೆ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿಗಳಿವೆ. 1987ರಲ್ಲಿ ಸಿಯಾಚಿನ್ನಿನ ಕಾಯಿದ್ ಠಾಣೆಯನ್ನು ಗೆದ್ದು ಪರಮವೀರ ಚಕ್ರ ಪಡೆದ ನಾಯಬ್ ಸುಬೇದಾರ್ ಬಾನಾ ಸಿಂಗ್ ಗೌರವ ಕ್ಯಾಪ್ಟನ್ ಆಗಿ ನಿವೃತ್ತರಾದರು.