ತಟ್ಟೆಯ ಲೆಕ್ಕ – 14: ಕೋಟ್ಯಧಿಪತಿಗಳ ಬೇಕನ್, ಉದ್ರಿ ಅಂಗಡಿಯ ಕಾಕಂಬಿ

1/4
ಮೊದಲ ಫೋಟೊ ನೋಡಿ ಕೆಲವರು ಚಿಕ್ಕಿ ಅಂದುಕೊಂಡಿರ್ತೀರಿ. ಅಲ್ಲ, ಅದು ಬೇಕನ್. ಹಂದಿಯ ಹೊಟ್ಟೆಭಾಗದ ಮಾಂಸಕ್ಕೆ ಉಪ್ಪು ಹಿಡಿಸಿ, ಹೊಗೆ ಹಾಕಿ, ತೆಳ್ಳಗೆ ಸೀಳಿದ್ದು. ಅದರ ಮೇಲೆ ಕಂದು ಸಕ್ಕರೆ, ಕಾಳುಮೆಣಸು, ಖಾರದಪುಡಿ ಒತ್ತಿ ಓವನ್‌ನಲ್ಲಿ ಇಟ್ಟರೆ ಹೀಗೆ ಹೊಳೆಯುತ್ತೆ. ಅಮೆರಿಕದಲ್ಲಿ ಇದನ್ನ ಕ್ಯಾಂಡಿಡ್ ಬೇಕನ್ ಅಂತಾರೆ. ಪಿಗ್ ಕ್ಯಾಂಡಿ ಅಂತಲೂ ಕರೀತಾರೆ. ಮೊನ್ನೆ ರಜೆಯಲ್ಲಿ ಮಡಿಕೇರಿಯ ಫ್ರೆಂಡ್ ಮನೆಗೆ ಹೋದಾಗ ನಾವೇ ಮಾಡಿದ್ವಿ. ಅವಳ ಅಮ್ಮ ಬಾಣಲೆಯಷ್ಟು ಪಂದಿ ಕರಿ ಮಾಡೋರು. "ಹಂದಿ ಮೇಲೆ ಸಕ್ಕರೆ ಯಾಕೆ ಮಕ್ಳೆ?" ಅಂತ ಕೇಳಿದ್ರು. ಒಳ್ಳೆ ಪ್ರಶ್ನೆ. ಆವತ್ತು ನನ್ನ ಹತ್ರ ಉತ್ತರ ಇರ್ಲಿಲ್ಲ.

ಈ ತಿಂಡಿಗೆ ಇನ್ನೊಂದು ಹೆಸರಿದೆ: ಮಿಲಿಯನೇರ್ಸ್ ಬೇಕನ್. ಕೋಟ್ಯಧಿಪತಿಗಳ ಬೇಕನ್! ಸ್ಯಾನ್ ಫ್ರಾನ್ಸಿಸ್ಕೊದಂಥ ದುಬಾರಿ ಊರಿನ ಬೆಳಗಿನ ತಿಂಡಿ ಹೋಟೆಲುಗಳಲ್ಲಿ ಆ ಹೆಸರಲ್ಲೇ ಸಿಗುತ್ತೆ. ಆದರೆ ಉಪ್ಪು ಹಾಕಿದ ಹಂದಿಮಾಂಸ ಮತ್ತು ಕಬ್ಬಿನ ಕಪ್ಪು ಸಿಹಿ, ಇವೆರಡೂ ಒಂದೇ ತಟ್ಟೆಗೆ ಮೊದಲು ಬಂದದ್ದು ಕೋಟ್ಯಧಿಪತಿಗಳಿಂದ ಅಲ್ಲ.

2/4
ಫ್ರೆಡರಿಕ್ ಡಗ್ಲಸ್ ಹೆಸರು ಕೇಳಿರಬಹುದು. ಮೇರಿಲ್ಯಾಂಡ್‌ನಲ್ಲಿ ಗುಲಾಮನಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಓಡಿದವರು. 1845ರಲ್ಲಿ ಬರೆದ ಆತ್ಮಕಥೆಯಲ್ಲಿ ತಾವಿದ್ದ ತೋಟದ ಪಡಿಯ ಲೆಕ್ಕ ಕೊಡ್ತಾರೆ. ದೊಡ್ಡವರಿಗೆ ತಿಂಗಳಿಗೆ 8 ಪೌಂಡ್ ಹಂದಿಮಾಂಸ ಅಥವಾ ಅಷ್ಟೇ ಬೆಲೆಯ ಮೀನು, ಜೊತೆಗೆ ಒಂದು ಬುಶೆಲ್ ಜೋಳದ ಹಿಟ್ಟು (ನಮ್ಮ ಜೋಳ ಅಲ್ಲ, ಮೆಕ್ಕೆಜೋಳ). ಕ್ಯಾಲ್ಕುಲೇಟರ್ ತಗೊಂಡೆ. 8 ಪೌಂಡ್ ಅಂದ್ರೆ ಸುಮಾರು 3.6 ಕೆ.ಜಿ. ದಿನಕ್ಕೆ 120 ಗ್ರಾಂ. ಸೂರ್ಯ ಹುಟ್ಟಿದಾಗಿಂದ ಮುಳುಗೋವರೆಗೆ ಹೊಲದಲ್ಲಿ ದುಡಿಯೋ ಮೈಗೆ.

ದಕ್ಷಿಣದ ತೋಟಗಳಿಗೆ ಈ ಮಾಂಸ ದೂರದಿಂದಲೂ ಬರ್ತಿತ್ತು. ಒಹಾಯೊ ನದಿ ದಡದ ಸಿನ್ಸಿನಾಟಿಯಲ್ಲಿ ಹಂದಿ ಕಡಿದು, ಉಪ್ಪು ತುಂಬಿ, ಪೀಪಾಯಿಗಳಲ್ಲಿ ದೋಣಿಗೆ ಹಾಕಿ ಮಿಸಿಸಿಪ್ಪಿ ನದಿಯಲ್ಲಿ ಕೆಳಗೆ ಕಳಿಸ್ತಿದ್ರು. ಆ ಊರಿಗೆ ಪೋರ್ಕೊಪೊಲಿಸ್ ಅಂತ ಅಡ್ಡಹೆಸರೇ ಬಿದ್ದಿತ್ತು. ಇನ್ನು ಸಿಹಿ ಲೂಸಿಯಾನದ ಕಬ್ಬಿನ ಗದ್ದೆಗಳದ್ದು, ಅಲ್ಲೂ ದುಡಿದವರು ಗುಲಾಮರೇ. ಸಕ್ಕರೆ ಹರಳು ಪೇಟೆಗೆ ಹೋಗ್ತಿತ್ತು. ಹರಳಾಗದೆ ಉಳಿದ ಕಪ್ಪು ಪಾಕ, ಅಂದರೆ ಕಾಕಂಬಿ, ಅಗ್ಗಕ್ಕೆ ಸಿಗ್ತಿತ್ತು.

3/4
1865ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಮುಗಿಯಿತು. ತಟ್ಟೆ ಮಾತ್ರ ಬದಲಾಗಲಿಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನಮ್ಮ ಬಿಕಾಂ ಪಾಠ ಇಲ್ಲಿದೆ.

ಬಿಡುಗಡೆಯಾದವರ ಹತ್ರ ಭೂಮಿ ಇರ್ಲಿಲ್ಲ. ಬಡ ಬಿಳಿಯರ ಹತ್ರಾನೂ ಇರ್ಲಿಲ್ಲ. ಎಲ್ಲರೂ ಪಾಲಿಗೆ ಹತ್ತಿ ಬೆಳೆದರು. ಹತ್ತಿ ಕೈಗೆ ಬರೋವರೆಗೆ ಊಟಕ್ಕೆ? ಊರಿನ ಅಂಗಡಿಯಲ್ಲಿ ಉದ್ರಿ. ನಗದಿಗೆ ಒಂದು ರೇಟು, ಉದ್ರಿಗೆ ಅದಕ್ಕಿಂತ ಜಾಸ್ತಿ. ಅಡಮಾನ ಏನು ಅಂದ್ರೆ ಇನ್ನೂ ಬೆಳೆಯದ ಬೆಳೆ. ಸುಗ್ಗಿಯಲ್ಲಿ ಲೆಕ್ಕದ ಪುಸ್ತಕ ತೆಗೆದರೆ ಎಷ್ಟೋ ಮನೆಗಳಿಗೆ ಉಳಿಯೋದು ಸೊನ್ನೆ, ಇಲ್ಲಾ ಮುಂದಿನ ವರ್ಷಕ್ಕೆ ಬಾಕಿ. ಹತ್ತಿಗೇ ದುಡ್ಡು ಅಂತ ಮನೆ ಬಾಗಿಲವರೆಗೂ ಹತ್ತಿ ಹಾಕಿಸ್ತಿದ್ರು. ಸೊಪ್ಪು ತರಕಾರಿ ಬೆಳೆಯೋಕೆ ಜಾಗ ಎಲ್ಲಿ?

ಹಾಗಾಗಿ ವರ್ಷವಿಡೀ ಮೂರೇ ಮೂರು ಪದಾರ್ಥ: ಮೆಕ್ಕೆಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿ ಕೊಬ್ಬು, ಕಾಕಂಬಿ. ಹಂದಿಮಾಂಸ ಅಂದರೂ ಅದರಲ್ಲಿ ಮಾಂಸ ಕಡಿಮೆ, ಬೆನ್ನಿನ ಕೊಬ್ಬೇ ಹೆಚ್ಚು.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಆ ಸೀಮೆಯಲ್ಲಿ ಪೆಲಾಗ್ರ ಅನ್ನೋ ರೋಗ ಹಬ್ಬಿತು. ಚರ್ಮ ಸುಟ್ಟ ಹಾಗೆ ಕಪ್ಪಾಗಿ ಸುಲಿಯೋದು, ಭೇದಿ, ಬುದ್ಧಿಭ್ರಮಣೆ, ಕೊನೆಗೆ ಸಾವು. ಸಾವಿರಾರು ಜನ ಸತ್ತರು. ಇದು ಅಂಟುರೋಗ ಅಂತ ತುಂಬಾ ಡಾಕ್ಟರುಗಳು ನಂಬಿದ್ರು. ಸರ್ಕಾರಿ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಒಪ್ಪಲಿಲ್ಲ. ಅನಾಥಾಶ್ರಮ, ಹುಚ್ಚಾಸ್ಪತ್ರೆಗಳಲ್ಲಿ ಒಳಗಿದ್ದವರಿಗೆ ರೋಗ ಬರುತ್ತೆ, ನೋಡಿಕೊಳ್ಳೋ ಸಿಬ್ಬಂದಿಗೆ ಬರಲ್ಲ, ಅಂಟೋದಾದ್ರೆ ಹೀಗೆ ಆರಿಸಿ ಅಂಟುತ್ತಾ? 1915ರಲ್ಲಿ ಮಿಸಿಸಿಪ್ಪಿಯ ಜೈಲಿನ ತೋಟವೊಂದರಲ್ಲಿ ಕೈದಿಗಳಿಗೆ ಬಿಡುಗಡೆಯ ಆಸೆ ತೋರಿಸಿ ಬಡವರ ಆ ಊಟವನ್ನೇ ತಿಂಗಳುಗಟ್ಟಲೆ ಕೊಟ್ಟರು. ಕೆಲವರಿಗೆ ಪೆಲಾಗ್ರ ಬಂತು. (ಇವತ್ತು ಇಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡಲ್ಲ, ಕೊಡಲೂಬಾರದು.) ಆದರೂ ಎಷ್ಟೋ ಜನ ನಂಬಲಿಲ್ಲ. ನಮ್ಮ ಸೀಮೆಯಲ್ಲಿ ಬಡತನದಿಂದ ಜನ ಸಾಯ್ತಾರೆ ಅಂತ ಒಪ್ಪಿಕೊಳ್ಳೋದು ದಕ್ಷಿಣದ ದೊಡ್ಡವರಿಗೆ ಅವಮಾನ ಅನ್ನಿಸ್ತು. ಕೊರತೆ ಇದ್ದದ್ದು ನಯಾಸಿನ್ ಅನ್ನೋ ವಿಟಮಿನ್‌ದು ಅಂತ ಗೊತ್ತಾದದ್ದು 1937ರಲ್ಲಿ. ಅಷ್ಟೊತ್ತಿಗೆ ಗೋಲ್ಡ್‌ಬರ್ಗರ್ ತೀರಿಕೊಂಡಿದ್ದರು.

4/4
ಬಡವರ ಪದಾರ್ಥ ಕೋಟ್ಯಧಿಪತಿಗಳದ್ದು ಆಗಿದ್ದು ಹೇಗೆ? ಜಾಹೀರಾತಿನದು ಒಂದು ಪಾಲು. 1920ರ ದಶಕದಲ್ಲಿ ಎಡ್ವರ್ಡ್ ಬರ್ನೇಸ್ ಅನ್ನೋ ಪ್ರಚಾರಕ, ಬೇಕನ್ ಮಾರೋ ಕಂಪನಿಗೋಸ್ಕರ ಡಾಕ್ಟರುಗಳಿಂದಲೇ "ಬೆಳಗ್ಗೆ ಭರ್ಜರಿ ತಿಂಡಿ ಒಳ್ಳೇದು" ಅಂತ ಹೇಳಿಸಿ ಪತ್ರಿಕೆಗಳಲ್ಲಿ ಬರೋ ಹಾಗೆ ಮಾಡಿದ. ಬೇಕನ್ ಮತ್ತು ಮೊಟ್ಟೆ ಅಮೆರಿಕದ ತಿಂಡಿಯಾಗಿ ಗಟ್ಟಿಯಾಗೋದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಪಾಲು ಮಾರುಕಟ್ಟೆಯದು. 1961ರಲ್ಲಿ ಶಿಕಾಗೊದ ಎಕ್ಸ್‌ಚೇಂಜ್‌ನಲ್ಲಿ ಹಂದಿ ಹೊಟ್ಟೆಮಾಂಸದ ಫ್ಯೂಚರ್ಸ್ ಶುರುವಾಯ್ತು. ಕ್ಲಾಸಲ್ಲಿ ಸರ್ ಇದನ್ನ ಹೇಳಿದಾಗ ನಾವೆಲ್ಲ ನಕ್ಕಿದ್ವಿ. ಚಳಿಗಾಲದಲ್ಲಿ ಫ್ರೀಜ್ ಮಾಡಿಟ್ಟು, ಬೇಡಿಕೆ ಏರೋ ಬೇಸಿಗೆಗೆ ಮಾರೋದು, ಆ ನಡುವಿನ ಬೆಲೆಯ ರಿಸ್ಕಿಗೆ ಈ ಕಾಂಟ್ರಾಕ್ಟ್. ಆಮೇಲೆ ಬರ್ಗರಿಗೂ ಬೇಕನ್, ಸಲಾಡಿಗೂ ಬೇಕನ್, ವರ್ಷಪೂರ್ತಿ ಬೇಡಿಕೆ. ಕೂಡಿಡೋ ಅಗತ್ಯ ಕಡಿಮೆಯಾಗ್ತಾ ಹೋಗಿ 2011ರಲ್ಲಿ ಕಾಂಟ್ರಾಕ್ಟನ್ನೇ ನಿಲ್ಲಿಸಿದ್ರು.

ಇನ್ನು ಮಾಡೋ ರೀತಿ, ಮೆಸೇಜ್ ಮಾಡಿ ಕೇಳಿದವರಿಗೆ. ದಪ್ಪ ಸೀಳುಗಳೇ ಇರಲಿ. ಟ್ರೇಗೆ ಫಾಯಿಲ್ ಹಾಸಿ, ಮೇಲೆ ಜಾಲರಿ ಇಟ್ಟು, ಜಾಲರಿ ಮೇಲೆ ಬೇಕನ್. ಕಂದು ಸಕ್ಕರೆ ಇಲ್ಲದಿದ್ರೆ ಬೆಲ್ಲದ ಪುಡಿ (ಕಾಕಂಬಿ ಬೆಲ್ಲದೊಳಗೇ ಇರುತ್ತೆ), ಕುಟ್ಟಿದ ಕಾಳುಮೆಣಸು, ಸ್ವಲ್ಪ ಖಾರದಪುಡಿ. 180 ಡಿಗ್ರಿಯಲ್ಲಿ ಅರ್ಧ ಗಂಟೆ ಹತ್ತಿರ. ಕೊನೆಯ ಐದು ನಿಮಿಷ ಓವನ್ ಬಿಟ್ಟು ಕದಲಬೇಡಿ, ಬೆಲ್ಲ ಕಣ್ಣು ಮುಚ್ಚಿ ಬಿಡೋದರೊಳಗೆ ಸೀದು ಹೋಗುತ್ತೆ. ಬಿಸಿ ಇದ್ದಾಗ ಮೆತ್ತಗಿರುತ್ತೆ, ಆರಿದ ಮೇಲೇ ಗರಿಗರಿ. ಟಿಶ್ಯೂ ಪೇಪರ್ ಮೇಲೆ ಮಾತ್ರ ಇಡಬೇಡಿ. ನಾವಿಟ್ಟು ಅರ್ಧ ಪೇಪರ್ ತಿಂದ್ವಿ.

ಆಂಟಿ ಒಂದು ತುಂಡು ಬಾಯಿಗೆ ಹಾಕ್ಕೊಂಡು, ಏನೂ ಹೇಳದೆ ಒಳಗೆ ಹೋಗಿ ಕಾಚಂಪುಳಿ ಬಾಟಲಿ ತಂದು, ಎರಡನೇ ಟ್ರೇ ಮೇಲೆ ನಾಲ್ಕು ಹನಿ ಹಾಕಿದ್ರು. ಕೊನೆ ಫೋಟೊದಲ್ಲಿ ಖಾಲಿ ಇರೋದು ಆ ಟ್ರೇ.