ಎಂಟನೆಯ ಸಾಲು

ಯುಗಾದಿ ಕಳೆದ ಮೇಲೊಂದು ಭಾನುವಾರ ತಂಗಿಯ ಮಗಳು ಮೈಸೂರಿನಿಂದ ಬಂದಳು. ಎಂಬಿಎ ಕೊನೆಯ ವರ್ಷ. ಬ್ಯಾಗಿನಿಂದ ನಾಲ್ಕು ಹಾಳೆ ತೆಗೆದು, ನಾನು ಬಿಚ್ಚಿ ಹರವಿದ್ದ ಡಿಟಿಎಚ್ ಬಾಕ್ಸನ್ನು ಪಕ್ಕಕ್ಕೆ ಸರಿಸಿ, "ಮಾವ, ಹತ್ತು ನಿಮಿಷದ ಕೆಲಸ" ಅಂದಳು. ಮಧ್ಯಾಹ್ನದ ಮುದ್ದೆ ತಣ್ಣಗಾಗುವವರೆಗೂ ಹಿಡಿಯಿತು.

ಕೆಟ್ಟ ಟಿವಿ, ಮೊಬೈಲು, ಕಂಪ್ಯೂಟರು ಕಂಪನಿಗೆ ವಾಪಸ್ ಹೋಗದಂತೆ ಏನು ಅಡ್ಡಿ ಎಂಬುದು ಅವಳ ಓದಿನ ವಿಷಯ. ಹಾಳೆಯಲ್ಲಿ ಏಳು ಸಾಲು: ಜನಕ್ಕೆ ತಿಳಿವಳಿಕೆ ಇಲ್ಲ, ಸಂಗ್ರಹ ಕೇಂದ್ರ ದೂರ, ಸಾಗಣೆ ಖರ್ಚು, ಗುಜರಿಯವರ ಪೈಪೋಟಿ, ಕಾನೂನಿನ ಸಡಿಲ, ಕಂಪನಿಗಳ ಉದಾಸೀನ, ಮರುಬಳಕೆ ಘಟಕಗಳ ಕೊರತೆ. ಎರಡೆರಡನ್ನೇ ಜೋಡಿ ಮಾಡಿ, ಯಾವುದು ದೊಡ್ಡದು, ಎಷ್ಟು ಪಟ್ಟು ದೊಡ್ಡದು ಎಂದು 1ರಿಂದ 9ರೊಳಗೆ ಅಂಕ ಹಾಕಬೇಕು. ಏಳು ಸಾಲಿಗೆ 21 ಜೋಡಿ. ಇರಾಕಿನ ಮೋಸುಲ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳಿದ ಥಾಮಸ್ ಸಾಟಿ ಎಂಬ ಗಣಿತಜ್ಞ 1970ರ ದಶಕದಲ್ಲಿ ಕಟ್ಟಿದ ಲೆಕ್ಕವಂತೆ. ಸಂತೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ಹೆಚ್ಚೋ ಸುಳಿ ಹೆಚ್ಚೋ ಎಂದು ಮನಸ್ಸಿನಲ್ಲೇ ಹಾಕುವ ಲೆಕ್ಕವನ್ನು ಆ ಪುಣ್ಯಾತ್ಮ ಕಾಗದಕ್ಕೆ ಇಳಿಸಿದ್ದಾನೆ.

ಹಾಕಿದೆ. ಅವಳು ಲ್ಯಾಪ್‌ಟಾಪಿಗೆ ತುಂಬಿ ನೋಡಿ ನಕ್ಕಳು. "ಮಾವ, ನಿನ್ನ ಉತ್ತರ ಒಂದಕ್ಕೊಂದು ಕೂಡೋದೇ ಇಲ್ಲ. ತಿಳಿವಳಿಕೆಗಿಂತ ದೂರ ದೊಡ್ಡದು ಅಂದಿದ್ದೀಯ, ದೂರಕ್ಕಿಂತ ಗುಜರಿ ದೊಡ್ಡದು ಅಂದಿದ್ದೀಯ, ಗುಜರಿಗಿಂತ ತಿಳಿವಳಿಕೆ ದೊಡ್ಡದು ಅಂದಿದ್ದೀಯ." ಇಂಥ ಸುತ್ತು ಬಿದ್ದ ಉತ್ತರ ಹಿಡಿಯುವುದಕ್ಕೂ ಸಾಟಿ ಒಂದು ಅಳತೆ ಇಟ್ಟಿದ್ದಾನೆ, 0.1 ದಾಟಬಾರದು, ನನ್ನದು ದಾಟಿತ್ತು.

ತಪ್ಪು ಎಲ್ಲಿ ಅಂತ ನನಗೆ ಆಮೇಲೆ ಹೊಳೆಯಿತು. ಮೊದಲನೆಯದಕ್ಕೆ ಅಂಕ ಹಾಕುವಾಗ ತಲೆಯಲ್ಲಿ ಮೊಬೈಲು ಇತ್ತು, ಎರಡನೆಯದಕ್ಕೆ ಪಿಕ್ಚರ್ ಟ್ಯೂಬಿನ ಟಿವಿ, ಮೂರನೆಯದಕ್ಕೆ ಬಲ್ಬು ಬ್ಯಾಟರಿ. ಯಾವ ಸಾಮಾನು ಅಂತ ಹಾಳೆ ಕೇಳಿರಲೇ ಇಲ್ಲ. ಸಾಮಾನು ಬದಲಾದರೆ ಉತ್ತರವೂ ಬದಲಾಗುತ್ತದೆ, ಅದು ನಮ್ಮ ರಿಪೇರಿ ಅಂಗಡಿ ಕಲಿಸಿದ ಪಾಠ.

ಗುಂಡ್ಲುಪೇಟೆಯಲ್ಲಿ ಅಪ್ಪ ರೇಡಿಯೋ ರಿಪೇರಿಗೆ ಕೂತದ್ದು 1966ರಲ್ಲಿ. ಮೈಸೂರಿನಲ್ಲಿ ಕಲಿತು ಬಂದಿದ್ದರು. ಮೈಸೂರಿಗೆ ರೇಡಿಯೋ ಗೀಳು ಹಳೆಯದು. 1935ರಲ್ಲೇ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ವಿಠ್ಠಲ ವಿಹಾರದಿಂದ ಆಕಾಶವಾಣಿ ಶುರುಮಾಡಿದ ಊರು ಅದು. ನಮ್ಮ ಕಡೆ ಬೇಗೂರು, ಹಂಗಳ, ಕಬ್ಬಹಳ್ಳಿಗಳಲ್ಲಿ ಊರಿಗೊಂದೋ ಎರಡೋ ಸೆಟ್ಟು, ಪಟೇಲರ ಮನೆಯಲ್ಲೊಂದು, ಪಂಚಾಯಿತಿ ಕಟ್ಟೆಯಲ್ಲೊಂದು. ಮರ್ಫಿ, ಫಿಲಿಪ್ಸ್, ಬುಶ್. ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿಕೊಂಡು ತರುತ್ತಿದ್ದರು, ಬಾಣಂತಿಯನ್ನು ಕರೆತಂದ ಹಾಗೆ.

ಅಪ್ಪನ ಹತ್ತಿರ ಒಂದು ಮರದ ಪೆಟ್ಟಿಗೆ ಇತ್ತು. ಒಳಗೆ ಹತ್ತಿ ಹಾಸಿ, ಕೆಟ್ಟ ಸೆಟ್ಟುಗಳಿಂದ ಬಿಡಿಸಿದ ವಾಲ್ವುಗಳನ್ನು ಕೋಳಿಮೊಟ್ಟೆ ಜೋಡಿಸಿದಂತೆ ಜೋಡಿಸಿದ್ದರು. ಇಎಲ್ 84 ಒಂದು ಕಡೆ, ಇಜೆಡ್ 80 ಒಂದು ಕಡೆ. ಗಾಜಿನ ಮೇಲಿನ ಅಕ್ಷರ ಅಳಿಸಿಹೋಗಿದ್ದರೆ ಬೆಳಕಿಗೆ ಹಿಡಿದು, ಒಳಗಿನ ತಂತಿ ನೋಡಿ, ಇಂಥದೇ ಎಂದು ಹೇಳುತ್ತಿದ್ದರು. ಹೊಸದು ಬೇಕೆಂದರೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕು, ಒಂದು ದಿನ ಹಾಳು. ಹಾಗಾಗಿ ಕೆಟ್ಟ ರೇಡಿಯೋ ಕಸವಾಗುತ್ತಿರಲಿಲ್ಲ. "ಸತ್ತ ರೇಡಿಯೋ ಅಂತ ಇಲ್ಲ ಕನ, ಪಾರ್ಟು ಬುಡಿಸ್ದಿರ ರೇಡಿಯೋ ಅಷ್ಟೆ" ಎನ್ನುತ್ತಿದ್ದರು. ಕ್ಯಾಬಿನೆಟ್ಟಿನ ಮರ ಕೋಳಿಗೂಡಾಗುತ್ತಿತ್ತು. ಸ್ಪೀಕರಿನ ಅಯಸ್ಕಾಂತ ನಮ್ಮಂಥ ಹುಡುಗರ ಪಾಲು.

ಇನ್ನೊಂದು ಸಂಗತಿ ಈಗಿನವರಿಗೆ ನಂಬಿಕೆಯೇ ಬರುವುದಿಲ್ಲ. ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಪೋಸ್ಟಾಫೀಸಿನಲ್ಲಿ ವರ್ಷಕ್ಕೆ 15 ರೂಪಾಯಿ ಕಟ್ಟಿ ಪುಸ್ತಕಕ್ಕೆ ಮೊಹರು ಹಾಕಿಸಬೇಕು. 1980ರ ದಶಕದ ನಡುವಿನಲ್ಲಿ ಅದು ನಿಂತಿತು, ನಿಂತಾಗ ಜನ ಸಂತೋಷಪಟ್ಟರು, ಅಪ್ಪನೂ ಪಟ್ಟರು. ಆದರೆ ಒಮ್ಮೆ ಯೋಚಿಸಿ: ಯಾವ ಹಳ್ಳಿಯ ಯಾರ ಮನೆಯಲ್ಲಿ ರೇಡಿಯೋ ಇದೆ ಎಂಬುದು ಅಂಚೆ ಇಲಾಖೆಯ ಪುಸ್ತಕದಲ್ಲಿತ್ತು. ಎಲ್ಲಿ ಎಷ್ಟು ಸೆಟ್ಟಿವೆ ಎಂದು ಸರ್ಕಾರಕ್ಕೆ ಗೊತ್ತಿದ್ದ ಕಾಲದಲ್ಲಿ ವಾಪಸ್ ತಗೊಳ್ಳುವ ಅಗತ್ಯ ಇರಲಿಲ್ಲ. ಅಗತ್ಯ ಬಂದ ಕಾಲಕ್ಕೆ ಲೆಕ್ಕ ಕೈಬಿಟ್ಟಿತ್ತು.

ಟಿವಿ ಬಂದದ್ದು ನನ್ನ ಕಾಲಕ್ಕೆ. 1987ರ ಜನವರಿಯಲ್ಲಿ ರಾಮಾಯಣ ಶುರುವಾಯಿತಲ್ಲ, ಆಗಿನಿಂದ ಭಾನುವಾರ ಬೆಳಿಗ್ಗೆ ಅಂಗಡಿ ತೆಗೆಯದಿದ್ದರೆ ಮನೆ ಬಾಗಿಲಿಗೆ ಜನ. ಕಬ್ಬಿಣದ ಪೈಪಿಗೆ ಆಂಟೆನಾ ಕಟ್ಟಿ, ಮಹಡಿ ಮೇಲೊಬ್ಬ ತಿರುಗಿಸುವವನು, ಕೆಳಗೊಬ್ಬ "ಬಂತು, ಬಂತು, ಹೋಯ್ತು" ಎನ್ನುವವನು. 2000ದ ಜುಲೈ 30ರ ರಾತ್ರಿ ದೊಡ್ಡ ಗಾಜನೂರಿನಿಂದ ರಾಜಕುಮಾರ್ ಅವರನ್ನು ವೀರಪ್ಪನ್ ಎತ್ತಿಕೊಂಡು ಹೋದ ಮೇಲಿನ 108 ದಿನವನ್ನಂತೂ ನಾನು ಮರೆಯುವ ಹಾಗಿಲ್ಲ. ಅಣ್ಣಾವ್ರು ನಮ್ಮ ಕಡೆಯವರು. ಕಾಡಿನಿಂದ ಕ್ಯಾಸೆಟ್ಟು ಬಂತಂತೆ ಎಂದು ಸುದ್ದಿ ಆದರೆ ಸಾಕು, ವರ್ಷಗಟ್ಟಲೆ ಅಟ್ಟದಲ್ಲಿದ್ದ ಸೆಟ್ಟುಗಳೆಲ್ಲ ಅಂಗಡಿಗೆ. "ಎಂಗಾರ ಮಾಡಿ ಇವತ್ತು ಸಂದ ಗಂಟ ಮಾತಾಡ್ಸಣ್ಣ" ಎಂದು ಕೂತುಬಿಡುತ್ತಿದ್ದರು. ಕೆಟ್ಟದ್ದನ್ನು ಜನ ಯಾಕೆ ಇಟ್ಟುಕೊಳ್ಳುತ್ತಾರೆ ಎಂದು ಕೇಳುವ ಓದಿದವರಿಗೆ ನಾನು ಆ ಮೂರೂವರೆ ತಿಂಗಳನ್ನು ತೋರಿಸುತ್ತೇನೆ.

ಆಗ ಪಿಕ್ಚರ್ ಟ್ಯೂಬಿಗೂ ಬೆಲೆ ಇತ್ತು. ಮಂಕಾದ ಟ್ಯೂಬಿನ ಕುತ್ತಿಗೆ ಕತ್ತರಿಸಿ ಹೊಸ ಗನ್ನು ಕೂರಿಸುವ ಕೆಲಸ ದೊಡ್ಡ ಊರುಗಳಲ್ಲಿ ನಡೆಯುತ್ತಿತ್ತು, ರೀಗನ್ನಿಂಗ್ ಎನ್ನುತ್ತಿದ್ದೆವು. ಅಂಗಡಿಗಳು ಹಬ್ಬಕ್ಕೆ ಎಕ್ಸ್‌ಚೇಂಜ್ ಆಫರ್ ಇಡುತ್ತಿದ್ದವು. ಹಳೆಯದು ತಾ, ಹೊಸದರಲ್ಲಿ ಇಷ್ಟು ಕಳಿ. ಹೀಗೆ ಬಂದ ಕಪ್ಪು ಬಿಳುಪು ಸೆಟ್ಟುಗಳನ್ನು ನಾವು ಸಗಟಾಗಿ ಕೊಂಡು, ಸರಿಮಾಡಿ, ಹಾಡಿ ಹಟ್ಟಿಗಳವರೆಗೂ ಮುಟ್ಟಿಸಿದೆವು. ಕಂಪನಿ ವಾಪಸ್ ತಗೊಳ್ಳಬೇಕು ಎಂದು ಕಾನೂನು ಬರುವ ಮೊದಲೇ ವಾಪಸ್ ತಗೊಳ್ಳುವ ದಾರಿ ಇತ್ತು. ಅದು ಕಂಪನಿವರೆಗೆ ಹೋಗುತ್ತಿರಲಿಲ್ಲ, ನನ್ನ ಬಾಗಿಲಲ್ಲಿ ತಿರುಗಿಕೊಳ್ಳುತ್ತಿತ್ತು, ಅಷ್ಟೇ.

ಚಾಮರಾಜನಗರದಲ್ಲಿ ಚಿಕ್ಕಪ್ಪನ ಅಂಗಡಿ. ವಾರಕ್ಕೆರಡು ದಿನ ಅಲ್ಲಿಗೂ ಹೋಗುತ್ತಿದ್ದೆ. 2006ರಿಂದ ಅಲ್ಲಿಗೆ ವಿಚಿತ್ರದ ಸೆಟ್ಟುಗಳು ಬರತೊಡಗಿದವು. ತಮಿಳುನಾಡು ಸರ್ಕಾರ ಮನೆಮನೆಗೆ ಪುಕ್ಕಟೆ ಹಂಚಿದ 14 ಇಂಚಿನ ಬಣ್ಣದ ಟಿವಿ. ಬರುತ್ತಿದ್ದದ್ದು ಗಡಿಯಾಚೆಯ ತಾಳವಾಡಿಯಿಂದ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಕೊಳ್ಳೇಗಾಲ ಇತ್ತ ಬಂತು, ತಾಳವಾಡಿ ಅತ್ತಲೇ ಉಳಿಯಿತು. ಮಾತು ಕನ್ನಡ, ಸಂಬಂಧ ಸಂತೆ ಎಲ್ಲ ಚಾಮರಾಜನಗರದ ಕಡೆ, ರೇಷನ್ ಕಾರ್ಡು ಮಾತ್ರ ತಮಿಳುನಾಡಿನದು. ಹಾಗಾಗಿ ಆ ಟಿವಿಗಳ ಆಸ್ಪತ್ರೆ ನಾವೇ ಆದೆವು. ಒಂದೂವರೆ ಕೋಟಿಗೂ ಮೀರಿ ಹಂಚಿದರು. ಕೊಡುವಾಗ ಪಟ್ಟಿ ಇತ್ತು, ಸಹಿ ಇತ್ತು. ವಾಪಸ್ ತಗೊಳ್ಳುವ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಆಮೇಲೆ ಚಪ್ಪಟೆ ಟಿವಿ ಬಂತು, ಟ್ಯೂಬಿನ ಬೆಲೆ ಸೊನ್ನೆಯಾಯಿತು. ಇಲ್ಲಿ ನನ್ನದೂ ಒಂದು ತಪ್ಪಿದೆ, ಹೇಳಿಬಿಡುತ್ತೇನೆ. ಹಿತ್ತಲಲ್ಲಿ ಮೂವತ್ತು ನಲವತ್ತು ಸೆಟ್ಟು ಬಿದ್ದಿದ್ದವು. ಗುಜರಿಯವನನ್ನು ಕರೆದೆ. ಅವನ ಹುಡುಗ ಸುತ್ತಿಗೆಯ ಹಿಡಿಯಲ್ಲಿ ಟ್ಯೂಬಿನ ಕುತ್ತಿಗೆಗೆ ಒಂದು ಸಣ್ಣ ಏಟು ಕೊಡುತ್ತಿದ್ದ. ಬುಸ್ಸೆಂದು ಗಾಳಿ ಒಳಗೆ ನುಗ್ಗುವ ಸದ್ದು. ಆಮೇಲೆ ಕುತ್ತಿಗೆಯ ಸುತ್ತಲಿನ ಯೋಕ್ ಎಂಬ ಸುರುಳಿಯನ್ನು ಎಳೆದು ತಾಮ್ರದ ತಂತಿ ಬಿಚ್ಚಿಕೊಂಡು, ಗಾಜನ್ನು ಕಾಲಲ್ಲಿ ಬದಿಗೆ ತಳ್ಳುವುದು. ಕೈಗೆ ಬಟ್ಟೆ ಸುತ್ತಿಕೊಂಡಿರಲಿಲ್ಲ. ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು. ತಾಮ್ರ, ಬೋರ್ಡು, ಪ್ಲಾಸ್ಟಿಕ್ಕು ಅವನ ಗಾಡಿಗೆ, ಗಾಜು ಊರಾಚೆಯ ಹಳ್ಳಕ್ಕೆ. ಆ ಗಾಜಿನಲ್ಲಿ ಸೀಸ ಇದೆ ಎಂದು ನನಗೆ ಗೊತ್ತಿತ್ತು. ಹಿತ್ತಲು ಖಾಲಿಯಾಯಿತಲ್ಲ ಎಂದು ಸುಮ್ಮನಿದ್ದೆ.

ತಪ್ಪಿಸಬಹುದಿತ್ತೇ? ಬೆಂಗಳೂರಿನಾಚೆ ದಾಬಸ್‌ಪೇಟೆಯಲ್ಲಿ ಪಿ. ಪಾರ್ಥಸಾರಥಿ ಅವರ ಇ-ಪರಿಸರ ಎಂಬ ಘಟಕ 2005ರಿಂದಲೇ ನಡೆಯುತ್ತಿತ್ತು, ದೇಶದಲ್ಲಿ ಸರ್ಕಾರದ ಒಪ್ಪಿಗೆ ಪಡೆದು ಶುರುವಾದ ಮೊದಲನೆಯದು. ಮಾರಿದ ಕಂಪನಿಯೇ ವಾಪಸಿನ ಹೊಣೆ ಹೊರಬೇಕೆಂಬ ನಿಯಮ 2011ರಲ್ಲಿ ಬಂದು 2012ರ ಮೇ 1ರಿಂದ ಜಾರಿಯಾಯಿತು. ಆ ಹುಮ್ಮಸ್ಸಿನಲ್ಲಿ ನಾನೊಮ್ಮೆ ಒಂದು ಕಂಪನಿಯ ಉಚಿತ ಸಂಖ್ಯೆಗೆ ಫೋನು ಮಾಡಿದ್ದೂ ಉಂಟು. ಮೈಸೂರಿಗೆ ತಂದುಕೊಡಿ ಅಂದರು. 60 ಕಿಲೋಮೀಟರ್, ಟೆಂಪೋ ಬಾಡಿಗೆ ನನ್ನದು, ಅವರು ಕೊಡುವುದು ಒಂದು ರಸೀದಿ. ಗುಜರಿಯವನು ಮನೆ ಬಾಗಿಲಿಗೆ ಬಂದು, ತೂಗಿ, ನೋಟು ಎಣಿಸಿ ಹೋಗುತ್ತಾನೆ.

"ಸ್ವಿಟ್ಜರ್‌ಲೆಂಡಿನಲ್ಲಿ ಹೊಸದು ಕೊಳ್ಳುವಾಗಲೇ ಮರುಬಳಕೆಯ ಖರ್ಚನ್ನು ಬೆಲೆಯಲ್ಲಿ ಸೇರಿಸಿ ವಸೂಲಿ ಮಾಡ್ತಾರೆ, ಜಪಾನಿನಲ್ಲಿ 2001ರಿಂದ ಟಿವಿ ಫ್ರಿಜ್ಜು ಬಿಸಾಕುವವನೇ ದುಡ್ಡು ಕಟ್ಟಬೇಕು" ಎಂದು ಅವಳು ವಿವರಿಸಿದಳು. ಈರುಳ್ಳಿಗೆ ಹಳೇ ಕಬ್ಬಿಣ ಹಾಕಿ, ಹಳೇ ಸೀರೆಗೆ ಸ್ಟೀಲ್ ಪಾತ್ರೆ ತಗೊಂಡ ಹೆಂಗಸರ ಊರಿನಲ್ಲಿ ಈ ಮಾತು ಹೇಳಿ ನೋಡು ಅಂದೆ. ನಮ್ಮಲ್ಲಿ ಕೆಟ್ಟದ್ದು ಕೊಡುವವನೂ ಒಬ್ಬ ವ್ಯಾಪಾರಿಯೇ. ತೆರಕಣಾಂಬಿಯ ಅಜ್ಜಿಗೂ ಮಿಕ್ಸಿಯ ಮೋಟಾರಿನಲ್ಲಿ ತಾಮ್ರ ಎಷ್ಟಿದೆ ಎಂದು ಅಂದಾಜಿದೆ. ಇದನ್ನು ತಿಳಿವಳಿಕೆಯ ಕೊರತೆ ಎಂದು ಬರೆದರೆ ನಾನು ಒಪ್ಪುವವನಲ್ಲ.

ಎರಡನೆಯ ಹಾಳೆ ನನಗೆ ಹಿಡಿಸಿತು. ಅದರಲ್ಲಿ ದೊಡ್ಡದು ಚಿಕ್ಕದು ಕೇಳುವುದಿಲ್ಲ, ಯಾವುದರಿಂದ ಯಾವುದು ಹುಟ್ಟುತ್ತದೆ ಎಂದು ಬಾಣ ಎಳೆಯಬೇಕು. ಜಿನೀವಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ, ಅದೂ 1970ರ ದಶಕದಲ್ಲೇ, ಹುಟ್ಟಿದ ಉಪಾಯ. ಹೆಸರು ಡಿಮ್ಯಾಟೆಲ್. ಇದು ನಮ್ಮ ಕಸುಬು. ಸೆಟ್ಟಿನಲ್ಲಿ ಶಬ್ದ ಇಲ್ಲ ಎಂದರೆ ಸ್ಪೀಕರ್ ಬದಲಿಸುವವನು ಕಲಿಯುವ ಹುಡುಗ. ತಿಳಿದವನು ಪವರ್ ಸಪ್ಲೈನಿಂದ ಹಿಡಿದು ಒಂದೊಂದೇ ಹಂತಕ್ಕೆ ಮೀಟರ್ ಮುಟ್ಟಿಸುತ್ತಾ ಬರುತ್ತಾನೆ. ಹಾಗೆ ಬಂದರೆ ಗುಜರಿಯವನ ಪೈಪೋಟಿ ರೋಗ ಅಲ್ಲ, ಸದ್ದಿಲ್ಲದ ಸ್ಪೀಕರ್ ಅಷ್ಟೆ. ಅದರ ಹಿಂದೆ ಸಾಗಣೆ ಖರ್ಚು, ಅದರ ಹಿಂದೆ ದೂರ, ಅದರ ಹಿಂದೆ ಕಂಪನಿ. ಕಂಪನಿಯ ಹಿಂದೆ ಕಾನೂನು ಎಂದು ನಾನು ಬಾಣ ಎಳೆದಾಗ ಅವಳು ತಡೆದಳು. "ಕಾನೂನು ಬಂದು ಎಷ್ಟೋ ವರ್ಷ ಆಯ್ತಲ್ಲ ಮಾವ?"

ಆಯಿತು ನಿಜ. 2016ರಲ್ಲಿ ಹೊಸದಾಗಿ ಬರೆದರು, ಇಷ್ಟು ಪಾಲು ವಾಪಸ್ ತರಲೇಬೇಕು ಎಂದು ಗುರಿ ಹಾಕಿದರು, 2018ರಲ್ಲಿ ಆ ಗುರಿಯನ್ನೇ ಇಳಿಸಿ 10 ಪರ್ಸೆಂಟಿನಿಂದ ಶುರುಮಾಡಿದರು. 2023ರ ಏಪ್ರಿಲ್ 1ರಿಂದ ಮತ್ತೊಂದು ನಿಯಮ. ಈಗ ಕಂಪನಿ ಕೇಂದ್ರ ತೆರೆದು ಕಾಯಬೇಕಾಗಿಲ್ಲ, ಮರುಬಳಕೆ ಘಟಕದವರಿಂದ ಸರ್ಟಿಫಿಕೇಟು ಕೊಂಡರೆ ಸಾಕು. ಗೃಹಬಳಕೆಯ ಸಾಮಾನಿಗೆ ಕಿಲೋಗೆ ಕನಿಷ್ಠ 22 ರೂಪಾಯಿ ಘಟಕಕ್ಕೆ ಕೊಡಬೇಕೆಂದು ಸರ್ಕಾರ ಹೇಳಿತು, ದೊಡ್ಡ ಕಂಪನಿಗಳು ದಿಲ್ಲಿ ಹೈಕೋರ್ಟಿಗೆ ಹೋದವು. ಆ 22ರಲ್ಲಿ ನಮ್ಮ ಗುಜರಿ ಹುಡುಗನಿಗೆ ಎಷ್ಟು ಎಂದು ಯಾರೂ ಬರೆದಿಲ್ಲ. ನಿಯಮದಲ್ಲಿ ತಯಾರಕ ಇದ್ದಾನೆ, ಮಾರುವವನಿದ್ದಾನೆ, ನೋಂದಾಯಿಸಿಕೊಂಡು ಹಳೆಯದನ್ನು ಹೊಸದು ಮಾಡುವವನಿದ್ದಾನೆ, ಕರಗಿಸುವವನಿದ್ದಾನೆ. ಹತ್ತಡಿ ಅಂಗಡಿಯಲ್ಲಿ ಸಾಲ್ಡರಿಂಗ್ ಐರನ್ ಹಿಡಿದು ಕೂತವನು ಇಲ್ಲ.

ಅವಳಿಗೆ ಏಣಿ ಹಾಕಿ ಅಟ್ಟ ತೋರಿಸಿದೆ. ಅಪ್ಪನ ವಾಲ್ವಿನ ಪೆಟ್ಟಿಗೆ ಅಲ್ಲೇ ಇದೆ. ಅದರ ಪಕ್ಕ ಹಳೆಯ ಟಿವಿಗಳಿಂದ ಬಿಡಿಸಿದ ಎಲ್‌ಓಟಿ ಎಂಬ ಟ್ರಾನ್ಸ್‌ಫಾರ್ಮರುಗಳ ಒಂದು ಗೋಣಿಚೀಲ, ರಿಮೋಟುಗಳ ಎರಡು ಚೀಲ, ಫೋಟೋ ಹೊರಗೆ ಬಂದರೆ ಎಂಬ ಭಯಕ್ಕೆ ಯಾರೂ ಗುಜರಿಗೆ ಹಾಕದೆ ನನಗೆ ಕೊಟ್ಟುಹೋದ ಮೊಬೈಲುಗಳ ಬಕೆಟ್ಟು, ಸಂಜೆ ಬರ್ತೀನಿ ಅಂತ ಹೋಗಿ ಹನ್ನೆರಡು ವರ್ಷವಾದರೂ ಬಾರದವರ ಸೆಟ್ಟುಗಳು. 2022ರಲ್ಲಿ ಪ್ರಪಂಚದಲ್ಲಿ ಹುಟ್ಟಿದ ಇಂಥ ಕಸ 6.2 ಕೋಟಿ ಟನ್, ಅದರಲ್ಲಿ ಲೆಕ್ಕಕ್ಕೆ ಸಿಕ್ಕಿ ಸರಿಯಾಗಿ ಮರುಬಳಕೆಯಾದದ್ದು 22.3 ಪರ್ಸೆಂಟು ಎಂದು ಅವಳು ಓದಿ ಹೇಳಿದಳು. ಮಿಕ್ಕಿದ್ದರಲ್ಲಿ ಎಷ್ಟು ಇಂಥ ಅಟ್ಟಗಳಲ್ಲಿದೆಯೋ.

"ಇದನ್ನೆಲ್ಲ ಯಾಕೆ ಇಟ್ಟಿದ್ದೀಯ?"

"ಯಾವತ್ತಾದ್ರೂ ಪಾರ್ಟಿಗೆ ಆಗ್ತದ."

ಕೆಳಗಿಳಿದು ಬಂದು, ಅವಳ ಮೊದಲ ಹಾಳೆ ತೆಗೆದುಕೊಂಡು, ಏಳು ಸಾಲಿನ ಕೆಳಗೆ ಎಂಟನೆಯದಾಗಿ ಬರೆದೆ: ರಿಪೇರಿಯವನ ಅಟ್ಟ. ಅವಳು ತಲೆ ಮೇಲೆ ಕೈ ಹೊತ್ತಳು. ಏಳಿದ್ದರೆ 21 ಜೋಡಿ, ಎಂಟಾದರೆ 28. ಈಗಾಗಲೇ ನಲವತ್ತು ಜನರ ಹತ್ತಿರ ತುಂಬಿಸಿದ ಹಾಳೆಗಳು ಬ್ಯಾಗಿನಲ್ಲಿದ್ದವು. ಅವರೆಲ್ಲರ ಹತ್ತಿರ ಮತ್ತೆ ಹೋಗಬೇಕು. ಗೈಡ್ ಒಪ್ಪುವುದಿಲ್ಲ, ಅಂದಳು. ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪು ಕಚ್ಚುತ್ತಾ ಕೂತಳು. ಆಮೇಲೆ ನನ್ನ ಸ್ಟೀಲ್ ಸ್ಕೇಲು ಎಳೆದುಕೊಂಡು ಹಾಳೆಯ ಅಡಿಗೆ ಏಳು ಗೆರೆ ಹೊಡೆದು, ನನ್ನ ಕಡೆ ತಿರುಗಿಸಿದಳು.

"ಸರಿ, ತುಂಬು. ಈ ಸಲ ಯಾವ ಸಾಮಾನು ಅಂತ ಪಕ್ಕದಲ್ಲೇ ಬರಿ."